ಚಳಿಗಿಂತ ಇಬ್ಬನಿಗೆ ಅಂಜಬೇಕು

ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ನವಲಗುಂದ, ಅಣ್ಣಿಗೇರಿ ಕಡೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಥಂಡಿ ಶುರು ಆದಾಗಿಂದ ಬ್ಯಾಟರಿ ನಿಲ್ಲವಲ್ದು." ಶೇ 20ರಷ್ಟು ಚಾರ್ಜ್ ತೋರಿಸುತ್ತಿದ್ದ ಮೊಬೈಲು ಬೆಳಗಿನ ಜಾವ ಹೊಲದಲ್ಲಿ ಒಮ್ಮೆಲೇ ಬಂದ್ ಆಗುತ್ತದೆ. ಟ್ರ್ಯಾಕ್ಟರಿನ ಕೀಲಿ ತಿರುವಿದರೆ ಕಟಕಟ ಸದ್ದು ಬಿಟ್ಟು ಮತ್ತೇನೂ ಇಲ್ಲ. ಎಲ್ಲರೂ ಚಳಿಯನ್ನೇ ದೂರುತ್ತಾರೆ. ಚಳಿಯ ಪಾಲು ಇದರಲ್ಲಿ ಇದ್ದೇ ಇದೆ. ಆದರೆ ನಮ್ಮ ಭಾಗದಲ್ಲಿ ಆ ಪಾಲು ಜನ ನಂಬಿರುವುದಕ್ಕಿಂತ ಬಹಳ ಸಣ್ಣದು. ಉಳಿದದ್ದು ಯಾವುದರ ಕೆಲಸ ಎಂದು ತಿಳಿದರೆ ಸಾಮಾನೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಮೊಬೈಲ್, ಟ್ಯಾಬ್, ಪುಸ್ತಕ ಓದುವ ಇ-ರೀಡರ್ ಎಲ್ಲದರಲ್ಲೂ ಇರುವುದು ಲಿಥಿಯಂ-ಅಯಾನ್ ಬ್ಯಾಟರಿ. ಅದರೊಳಗೆ ಎರಡು ಧ್ರುವಗಳು, ನಡುವೆ ಒಂದು ದ್ರಾವಣ. ಲಿಥಿಯಂ ಅಯಾನುಗಳು ಈ ದ್ರಾವಣವನ್ನು ದಾಟಿ ಒಂದು ಧ್ರುವದಿಂದ ಇನ್ನೊಂದಕ್ಕೆ ಸಾಗಿದಾಗಲೇ ಕರೆಂಟ್ ಸಿಗುವುದು. ಮಾಗಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾಗುತ್ತದಲ್ಲ, ಅಷ್ಟರಮಟ್ಟಿಗೆ ಅಲ್ಲದಿದ್ದರೂ ಈ ದ್ರಾವಣ ತಂಪಿಗೆ ಮಂದವಾಗುತ್ತದೆ. ಅಯಾನುಗಳ ಓಡಾಟ ನಿಧಾನವಾಗುತ್ತದೆ, ಬ್ಯಾಟರಿಯ ಒಳಗಿನ ತಡೆ ಹೆಚ್ಚುತ್ತದೆ. ಕ್ಯಾಮೆರಾ ತೆರೆದಾಗಲೋ ಕರೆ ಮಾಡಿದಾಗಲೋ ಫೋನು ಹೆಚ್ಚು ಕರೆಂಟ್ ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿದು, ಫೋನು ತನ್ನನ್ನು ಕಾಪಾಡಿಕೊಳ್ಳಲು ತಾನೇ ಆಫ್ ಆಗುತ್ತದೆ. ಒಳಗಿನ ಚಾರ್ಜ್ ಎಲ್ಲಿಗೂ ಹೋಗಿರುವುದಿಲ್ಲ. ಬೆಚ್ಚಗಾದ ಮೇಲೆ ಅದೇ ಬ್ಯಾಟರಿ ಮತ್ತೆ ಕೆಲಸ ಮಾಡುತ್ತದೆ.

ಇ-ರೀಡರಿನ ಪರದೆಗೂ ಹೀಗೇ ಆಗುತ್ತದೆ. ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಕೋಶಗಳಿದ್ದು, ಅವುಗಳೊಳಗಿನ ದ್ರವದಲ್ಲಿ ಕಪ್ಪು ಮತ್ತು ಬಿಳಿ ಬಣ್ಣದ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ತಿನ ಒತ್ತಡಕ್ಕೆ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡಿಸುತ್ತವೆ. ದ್ರವ ಮಂದವಾದರೆ ಪುಟ ತಿರುಗುವುದು ತಡವಾಗುತ್ತದೆ, ಹಿಂದಿನ ಪುಟದ ಅಕ್ಷರಗಳು ನೆರಳಿನಂತೆ ಉಳಿದುಬಿಡುತ್ತವೆ. ಎಲ್‌ಸಿಡಿ ಪರದೆಯೂ ತೀರಾ ಚಳಿಯಲ್ಲಿ ಹೀಗೇ ತಡವರಿಸುತ್ತದೆ. ಇವೂ ಬೆಚ್ಚಗಾದ ಮೇಲೆ ಸರಿಹೋಗುವ ತೊಂದರೆಗಳೇ.

ಸರಿಹೋಗದ ಹಾನಿ ಒಂದಿದೆ. ಶೂನ್ಯ ಡಿಗ್ರಿಗಿಂತ ಕೆಳಗೆ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಲಿಥಿಯಂ ಧ್ರುವದ ಒಳಗೆ ಇಳಿಯದೆ ಅದರ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತದೆ. ಹಾಗೆ ಕೂತ ಲಿಥಿಯಂ ಬಹುಪಾಲು ಮತ್ತೆ ಕೆಲಸಕ್ಕೆ ಬಾರದು, ಬೆಂಕಿಯ ಅಪಾಯವೂ ಹೆಚ್ಚುತ್ತದೆ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಐಫೋನ್ ಮತ್ತು ಕಿಂಡಲ್ ತಯಾರಕರು ಬಳಕೆಗೆ ಹೇಳಿರುವ ಮಿತಿ 0ಯಿಂದ 35 ಡಿಗ್ರಿ ಸೆಲ್ಸಿಯಸ್. ಡಿಸೆಂಬರ್, ಜನವರಿಯಲ್ಲಿ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ತೀರಾ ಚಳಿಯಿದ್ದ ಬೆಳಗ್ಗೆಯೂ ಪಾದರಸ ನಿಲ್ಲುವುದು 10ರ ಆಸುಪಾಸಿನಲ್ಲಿ. ನಮಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ಕೆಳಗಿನ ಮಿತಿಯ ಹತ್ತಿರಕ್ಕೂ ನಾವು ಹೋಗುವುದಿಲ್ಲ. ಮೇಲಿನ ಮಿತಿಯ ಕಥೆ ಬೇರೆ. ಹೋಳಿ ಹುಣ್ಣಿಮೆಯ ಹೊತ್ತಿಗೇ ನವಲಗುಂದದ ಮಧ್ಯಾಹ್ನ 35 ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮನೆಯೊಳಗೆ, ಬೈಕಿನ ಟ್ಯಾಂಕಿನ ಮೇಲೆ, ಟ್ರ್ಯಾಕ್ಟರಿನ ಡ್ಯಾಶ್‌ಬೋರ್ಡಿನ ಮೇಲೆ ಫೋನು ಸುಡುವಷ್ಟು ಕಾಯುತ್ತದೆ.

ಬ್ಯಾಟರಿ ಹಾಳಾಗುವುದು ಆಗ. ಪೂರ್ತಿ ಚಾರ್ಜ್ ಆದ ಲಿಥಿಯಂ ಬ್ಯಾಟರಿಯನ್ನು 25 ಡಿಗ್ರಿಯಲ್ಲಿ ಒಂದು ವರ್ಷ ಸುಮ್ಮನೆ ಇಟ್ಟರೆ ಅದರ ಸಾಮರ್ಥ್ಯ ಸುಮಾರು ಶೇ 20ರಷ್ಟು ಇಳಿಯುತ್ತದೆ. 40 ಡಿಗ್ರಿಯಲ್ಲಿಟ್ಟರೆ ಶೇ 35ರಷ್ಟು. ಶೇ 40ರಷ್ಟು ಮಾತ್ರ ಚಾರ್ಜ್ ಮಾಡಿ 25 ಡಿಗ್ರಿಯಲ್ಲಿಟ್ಟರೆ ನಷ್ಟ ಶೇ 4ರ ಹತ್ತಿರ. ಟ್ರ್ಯಾಕ್ಟರ್ ಮತ್ತು ಇನ್ವರ್ಟರಿನ ಸೀಸದ ಬ್ಯಾಟರಿಯೂ ಬಿಸಿಲಿಗೆ ಹೀಗೇ ಸೊರಗುತ್ತದೆ. ಸುತ್ತಲಿನ ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ಆ ಕೆಲಸದವರ ಅಂದಾಜು. ಚಳಿಗೆ ಅದರ ಬಲ ಕುಗ್ಗುವುದೂ ನಿಜ, ಶೂನ್ಯ ಡಿಗ್ರಿಯಲ್ಲಿ ಸುಮಾರು ಐದನೆಯ ಒಂದು ಪಾಲು ಕಡಿಮೆ. ಆದರೆ 12 ಡಿಗ್ರಿಯ ನಮ್ಮ ಬೆಳಗಿಗೆ ಕುಗ್ಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಎಂಜಿನ್ ಆಯಿಲ್ ಮಂದವಾಗಿ ಸ್ಟಾರ್ಟರಿಗೆ ಹೆಚ್ಚು ಬಲ ಬೇಕಾದರೂ ಒಳ್ಳೆಯ ಬ್ಯಾಟರಿ ಅಷ್ಟನ್ನು ಸುಲಭವಾಗಿ ನಿಭಾಯಿಸುತ್ತದೆ. ಜನವರಿಯ ಬೆಳಗ್ಗೆ ಟ್ರ್ಯಾಕ್ಟರ್ ಹತ್ತಲಿಲ್ಲವೆಂದರೆ ಆ ಬ್ಯಾಟರಿಯನ್ನು ಮೇ ತಿಂಗಳ ಬಿಸಿಲೇ ಮುಗಿಸಿರುತ್ತದೆ. ಚಳಿ ಅದನ್ನು ತೋರಿಸಿಕೊಟ್ಟಿತು, ಅಷ್ಟೇ.

ಹಾಗಾದರೆ ಚಳಿಗಾಲದಲ್ಲಿ ನಮ್ಮ ಸಾಮಾನುಗಳಿಗೆ ಭಯವೇ ಇಲ್ಲವೇ? ಇದೆ, ಅದು ಇಬ್ಬನಿಯದು. ಮೋಡವಿಲ್ಲದ ರಾತ್ರಿ ನೆಲದ ಮೇಲಿನ ವಸ್ತುಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ತಣ್ಣನೆಯ ಮೈಗೆ ತಾಕಿದ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಕಡಲೆ ಬೆಳೆಗೆ ಈ ಹನಿ ವರ. ಬದುವಿನ ಮೇಲೆ ಬಿಟ್ಟ ಫೋನಿಗೆ, ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದ ಫೋನಿಗೆ, ತೆರೆದಿಟ್ಟ ಪಂಪ್‌ಸೆಟ್ ಸ್ಟಾರ್ಟರ್ ಪೆಟ್ಟಿಗೆಗೆ ಅದೇ ಹನಿ ಶತ್ರು. ಮಲೆನಾಡಿನ ಸೆರಗಿಗೆ ಹತ್ತಿದ ಕಲಘಟಗಿ ಕಡೆ ಮಂಜೂ ಸೇರಿಕೊಳ್ಳುತ್ತದೆ. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟ್ ಬಂದಾಗ ನೀರು ಹಾಯಿಸಲು ಹೋಗುವ ರೈತ ಮೊಬೈಲನ್ನೇ ಬ್ಯಾಟರಿ ದೀಪ ಮಾಡಿಕೊಂಡಿರುತ್ತಾನೆ. ಮನೆಗೆ ಬಂದವನೇ ತೇವ ತುಂಬಿದ ತೂತಿಗೆ ಚಾರ್ಜರ್ ಚುಚ್ಚುತ್ತಾನೆ. ನೀರಿನ ಜೊತೆ ಕರೆಂಟ್ ಸೇರಿದರೆ ಒಳಗಿನ ಸಣ್ಣ ಪಿನ್ನುಗಳು ಬಲುಬೇಗ ಕಿಲುಬು ಹಿಡಿಯುತ್ತವೆ. ಇಂಥ ಹೊತ್ತಿನಲ್ಲಿ ತೂತು ಕೆಳಮುಖವಾಗಿರುವಂತೆ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಅರ್ಧ ತಾಸಾದರೂ ಇಡಬೇಕು. ಒಲೆಯ ಮುಂದೆ ಹಿಡಿಯಬಾರದು. ಅಕ್ಕಿ ಡಬ್ಬಿಯಲ್ಲಿ ಹೂಳುವುದೂ ಬೇಡ. ಅಕ್ಕಿಯ ಕಣಗಳು ಒಳಸೇರಿ ಫೋನನ್ನು ಕೆಡಿಸಬಹುದೆಂದು ಆ್ಯಪಲ್ ಕಂಪನಿಯೇ 2024ರಲ್ಲಿ ಎಚ್ಚರಿಸಿದೆ.

ನಿಜವಾದ ಚಳಿ ಏನೆಂಬುದು ಈ ಜಿಲ್ಲೆಗೆ ಗೊತ್ತಿಲ್ಲದ ಸಂಗತಿಯಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನಗಳ ಮೇಲೆ ಜೀವಂತ ಸಿಕ್ಕ ಒಬ್ಬರೇ ಒಬ್ಬರು ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಆ ಠಾಣೆ ಇದ್ದದ್ದು ಸುಮಾರು 19,600 ಅಡಿ ಎತ್ತರದಲ್ಲಿ. ಅಲ್ಲಿನ ರಾತ್ರಿಯ ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಅಂಥಲ್ಲಿ ಸಾಮಾನ್ಯ ಮೊಬೈಲು ಹೊರಗೆ ತೆಗೆದ ಕೆಲವೇ ನಿಮಿಷಗಳಲ್ಲಿ ಸ್ತಬ್ಧವಾಗುತ್ತದೆ. ಬ್ಯಾಟರಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಕೊಂಡೇ ಕಾಪಾಡಬೇಕು. ಗಡಿಯಲ್ಲಿರುವ ಮಗನ ಫೋನು ಜನವರಿಯಲ್ಲಿ ಹತ್ತದಿದ್ದರೆ ಮನೆಯವರು ಕೂಡಲೇ ಗಾಬರಿಯಾಗಬೇಕಿಲ್ಲ. ಚಳಿಗೆ ಬ್ಯಾಟರಿ ಮಲಗಿರುವ ಸಾಧ್ಯತೆಯೂ ಅಲ್ಲಿ ಸಾಕಷ್ಟಿರುತ್ತದೆ.

ಕೇದಾರಕ್ಕೆ ಹೋಗುವವರಿಗೂ, ಕೆನಡಾ ಅಥವಾ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ತಂದೆತಾಯಿಗೂ ಇದೇ ಮಾತು. ಫೋನು ಒಳಜೇಬಿನಲ್ಲಿರಲಿ, ಇ-ರೀಡರನ್ನು ರಾತ್ರಿ ಕಾರಿನಲ್ಲಿ ಬಿಡಬೇಡಿ. ಹಿಮದಿಂದ ಬೆಚ್ಚಗಿನ ಮನೆಯೊಳಗೆ ಬರುವ ಮುಂಚೆ ಸಾಧನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿಯಾಗಿ ಮುಚ್ಚಿದರೆ ಹನಿ ಚೀಲದ ಹೊರಮೈಗೆ ಕೂರುತ್ತದೆ, ಸಾಧನ ಒಣಗಿಯೇ ಇರುತ್ತದೆ. ಪೂರ್ತಿ ಬೆಚ್ಚಗಾದ ಮೇಲಷ್ಟೇ ಚಾರ್ಜಿಗೆ ಹಾಕಿ.

ನಮ್ಮ ಹಳ್ಳಿಗಳ ಚಳಿಗಾಲದಲ್ಲಿ ಇನ್ನೊಂದು ಅಪಾಯವನ್ನು ನಾವೇ ಮಾಡಿಕೊಳ್ಳುತ್ತೇವೆ. ಥಂಡಿಗೆ ಕೌದಿ ಹೊದ್ದು, ಅದರೊಳಗೇ ವಿಡಿಯೊ ನೋಡುತ್ತ, ಚಾರ್ಜಿಗೆ ಹಾಕಿದ ಮೊಬೈಲನ್ನು ದಿಂಬಿನ ಕೆಳಗೆ ತಳ್ಳಿ ನಿದ್ದೆ ಹೋಗುತ್ತೇವೆ. ಚಾರ್ಜ್ ಆಗುವಾಗ ಫೋನು ಬಿಸಿಯಾಗಲೇಬೇಕು. ದಪ್ಪ ಕೌದಿ ಆ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಹಳೆಯ ಬ್ಯಾಟರಿ, ಅಗ್ಗದ ಚಾರ್ಜರ್ ಆಗಿದ್ದರೆ ಅದು ಬೆಂಕಿಗೂ ದಾರಿಯಾದೀತು. ಹಿಂಬದಿ ಉಬ್ಬಿದ ಫೋನಂತೂ ಒಂದು ದಿನವೂ ಬಳಸುವಂಥದ್ದಲ್ಲ. ಅದನ್ನು ಚಾರ್ಜಿಗೆ ಹಾಕದೆ, ಚುಚ್ಚದೆ, ತಿಪ್ಪೆಗೂ ಎಸೆಯದೆ ರಿಪೇರಿಯವರ ಕೈಗೆ ಒಪ್ಪಿಸಬೇಕು. ಮಕ್ಕಳಿರುವ ಮನೆಯವರು ದಯವಿಟ್ಟು ಇವತ್ತಿನಿಂದಲೇ ಚಾರ್ಜರನ್ನು ಹಾಸಿಗೆಯಿಂದ ದೂರದ ಗೋಡೆಗೆ ಹಾಕಿ, ಮಲಗುವ ಮುಂಚೆ ಸ್ವಿಚ್ ತೆಗೆಯಿರಿ.