ಮಹಡಿ ಮೇಲೆ ಕಪ್ಪು ಕೋಟು

ನಮ್ಮ ಮನೆಯ ಮಹಡಿಯಲ್ಲಿ ಹಪ್ಪಳ ಒಣಗಿಸುವ ಜಾಗದಲ್ಲಿ ಈ ವಾರ ಒಂದು ಕಪ್ಪು ಕೋಟು ಒಣಗುತ್ತಿದೆ. ಎದುರುಮನೆಯ ರಾಯರು ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಕತ್ತೆತ್ತಿ ನೋಡಿ, "ಏನ್ರೀ ಟೀಚರ್, ಮನೇಲಿ ಯಾರಾದ್ರೂ ವಕೀಲರಾದ್ರಾ?" ಎಂದರು. "ಇನ್ನೂ ಇಲ್ಲ, ಸದ್ಯಕ್ಕೆ ಆಟದ ವಕೀಲಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಗಾಂಧಿ ಬಜಾರಿನ ತನಕ ಹೋಗಿ ಬಂದವರಿಗೆ ಗೇಟಿನಲ್ಲೇ ನಿಲ್ಲಿಸಿ ಪಾಠ ಮಾಡುವುದು ಬೇಡವೆಂದು ಸುಮ್ಮನಾದೆ. ಆ ಪಾಠ ಈಗ ನಿಮಗೆ.

ನನ್ನ ದೊಡ್ಡ ಮೊಮ್ಮಗಳು ಐದು ವರ್ಷದ ಕಾನೂನು ಪದವಿಯ ಮೂರನೇ ವರ್ಷದಲ್ಲಿದ್ದಾಳೆ. ಗಣೇಶನ ಹಬ್ಬ ಕಳೆದ ಮೇಲೆ ಶುರುವಾಗಿ ಯುಗಾದಿಯ ಹೊತ್ತಿಗೆ ಮುಗಿಯುವ ಒಂದು ಸುಗ್ಗಿ ಇವರಿಗಿದೆ. ಅದೇ ಅಣಕು ನ್ಯಾಯಾಲಯ ಸ್ಪರ್ಧೆಗಳ ಸುಗ್ಗಿ. ಮಕ್ಕಳೇ, ಕ್ರಿಕೆಟ್ಟಿನವರಿಗೆ ನೆಟ್ಸ್ ಇದ್ದ ಹಾಗೆ ಇವರಿಗೆ ಇದು. ಒಂದು ಕಾಲೇಜು ಕಟ್ಟುಕಥೆಯ ಮೊಕದ್ದಮೆಯೊಂದನ್ನು ಬರೆದು ಊರೂರಿನ ಕಾಲೇಜುಗಳನ್ನು ಕರೆಯುತ್ತದೆ. ಸಾಮಾನ್ಯವಾಗಿ ತಂಡಕ್ಕೆ ಮೂವರು. ಇಬ್ಬರು ವಾದ ಮಾಡುತ್ತಾರೆ, ಒಬ್ಬರು ಪುಸ್ತಕ ಹುಡುಕುತ್ತಾರೆ. ಮೊದಲು ವಾದವನ್ನೆಲ್ಲ ಬರೆದು ಪುಸ್ತಕ ಮಾಡಿ ಕಳಿಸಬೇಕು, ಅರ್ಜಿದಾರರದಕ್ಕೆ ನೀಲಿ ರಟ್ಟು, ಎದುರುದಾರರದಕ್ಕೆ ಕೆಂಪು ರಟ್ಟು. ಆಮೇಲೆ ಕೋಟು ಹಾಕಿಕೊಂಡು ನ್ಯಾಯಾಧೀಶರ ಪಾತ್ರದಲ್ಲಿರುವವರ ಎದುರು ನಿಂತು ವಾದಿಸಬೇಕು. ತಮಾಷೆಯೆಂದರೆ ಇವತ್ತು ಒಂದು ಪಕ್ಷಕ್ಕೆ ವಾದಿಸಿದವರೇ ನಾಳೆ ಎದುರು ಪಕ್ಷಕ್ಕೂ ವಾದಿಸಬೇಕು! ನಮ್ಮ ಕಾಲದಲ್ಲಿ ಇದಕ್ಕೆ ಎರಡು ನಾಲಿಗೆ ಎನ್ನುತ್ತಿದ್ದರು. ಇವರಿಗೆ ಇದಕ್ಕೇ ಅಂಕ.

ಇದು ಬರೀ ಆಟವೂ ಅಲ್ಲ. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ಮಾಡಿದ ಕಾನೂನು ಶಿಕ್ಷಣ ನಿಯಮಗಳಲ್ಲಿ ಇದು ಪಠ್ಯದ ಭಾಗವೇ. ಮೂರು ಅಣಕು ನ್ಯಾಯಾಲಯ, ತಲಾ 10 ಅಂಕ, ಅದರಲ್ಲಿ ಬರವಣಿಗೆಗೆ 5, ಬಾಯಿಗೆ 5. ನಿಜವಾದ ಕೋರ್ಟಿಗೆ ಹೋಗಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ಬರೆಯುವುದಕ್ಕೆ 30. ಕಾಲೇಜು ಕಾಲೇಜು ಸುತ್ತುವ ಸ್ಪರ್ಧೆಗಳು ಇದಕ್ಕೆ ಮೇಲೋಗರ.

ಈ ಸಲ ಅವಳು ಮೂರು ಕಡೆ ಹೋದಳು. ಮೂರನ್ನೂ ಹೋಲಿಸಿ ಅಜ್ಜಿ ಅಂಕ ಕೊಡಲಿ ಎಂದು ಏಳನೇ ಕ್ಲಾಸಿನ ಚಿಕ್ಕ ಮೊಮ್ಮಗ ಹಠ ಹಿಡಿದಿದ್ದಾನೆ. ಹೋಲಿಸುವುದೇನು ಸುಲಭವಲ್ಲ. ವಿದ್ಯಾರ್ಥಿ ಭವನದ ದೋಸೆ ಹೆಚ್ಚೋ ಮಲ್ಲೇಶ್ವರದ ಸಿಟಿಆರ್ ದೋಸೆ ಹೆಚ್ಚೋ ಎಂದು ನಾವು ಬಸವನಗುಡಿಯವರು, ಅವರು ಮಲ್ಲೇಶ್ವರದವರು ಇಷ್ಟು ವರ್ಷ ಜಗಳವಾಡಲು ಆಗುತ್ತಿರುವುದು ಎರಡೂ ದೋಸೆಯೇ ಆದ್ದರಿಂದ. ಒಬ್ಬರು ದೋಸೆ, ಇನ್ನೊಬ್ಬರು ಶ್ಯಾವಿಗೆ ಕೊಟ್ಟರೆ ಜಗಳಕ್ಕೂ ದಾರಿಯಿಲ್ಲ. ಅಮೆರಿಕದ ಕಾಲೇಜುಗಳಲ್ಲಿ ಈ ತೊಂದರೆ ಕಡಿಮೆಯಂತೆ. ಅಲ್ಲಿ 1985ರಲ್ಲಿ ಹುಟ್ಟಿದ ಒಂದು ಸಂಘ ವರ್ಷಕ್ಕೊಂದು ಮೊಕದ್ದಮೆ ಬರೆದು ಎಲ್ಲರಿಗೂ ಹಂಚುತ್ತದೆ. ಚಳಿಗಾಲವಿಡೀ ಕಾಲೇಜುಗಳು ಒಬ್ಬರನ್ನೊಬ್ಬರು ಕರೆದು ಅದೇ ಮೊಕದ್ದಮೆ ಆಡಿಸುತ್ತವೆ. ಆ ಗೆಲುವು ಮುಂದಿನ ಸುತ್ತಿಗೆ ಲೆಕ್ಕಕ್ಕಿಲ್ಲ, ಫೆಬ್ರವರಿಯಿಂದ ನಡೆಯುವ ಸುತ್ತುಗಳೇ ಲೆಕ್ಕ. ಮೊಕದ್ದಮೆ ಒಂದೇ ಆದ್ದರಿಂದ ಯಾವ ಕಾಲೇಜು ಚೆನ್ನಾಗಿ ನಡೆಸಿತು, ಯಾವುದು ಸೊರಗಿತು ಎಂದು ಕೂಡಲೇ ಗೊತ್ತಾಗುತ್ತದೆ. ನಮ್ಮಲ್ಲಿ ಕರೆದವರದೇ ಕಥೆ. ಪ್ರತಿ ಸಲ ಹೊಸ ಓದು, ಹೊಸ ಪುಸ್ತಕ, ಹೊಸ ಜೆರಾಕ್ಸ್ ಬಿಲ್ಲು. ಬಿಲ್ಲು ಕಟ್ಟಿದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಮೊದಲನೆಯದು ಮಲ್ಲೇಶ್ವರದ ಕಡೆಯ ಕಾಲೇಜು. ಕಥೆ ನಮಗೆಲ್ಲ ಗೊತ್ತಿರುವಂಥದೇ. ಫುಟ್‌ಪಾತಿನ ಮೇಲೆ ಸೊಪ್ಪು ಮಾರುವವರನ್ನು ಪಾಲಿಕೆ ಎಬ್ಬಿಸಿತು, ಅವರು ಹೈಕೋರ್ಟಿಗೆ ಹೋದರು. ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂದಿದೆ. ಸಮೀಕ್ಷೆ ಮುಗಿಸಿ ಎಲ್ಲರಿಗೂ ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವಂತಿಲ್ಲ ಎಂದು ಅದು ಹೇಳುತ್ತದೆ. ನಡೆಯುವವರ ಹಕ್ಕೇನು, ಮಾರುವವರ ಹಕ್ಕೇನು ಎಂದು ವಾದ. ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನ್ಯಾಯಾಧೀಶರ ಕುರ್ಚಿಯಲ್ಲಿದ್ದ ಮೂವರೂ ಕಡತ ಓದಿಕೊಂಡು ಬಂದಿದ್ದರು. ಒಬ್ಬರಂತೂ ಸಮೀಕ್ಷೆಯ ಮಾತನ್ನು ಹಿಡಿದು ನಮ್ಮ ಹುಡುಗಿಯನ್ನು ಆರು ನಿಮಿಷ ಬಿಡಲಿಲ್ಲ. ಮುಗಿದ ಮೇಲೆ ಎರಡೂ ತಂಡದವರನ್ನು ಹತ್ತಿರ ಕರೆದು, ನೀನು ಇಲ್ಲಿ ಎಡವಿದೆ, ನೀನು ಅಲ್ಲಿ ಬೇಗ ಸೋತೆ ಎಂದು ಬಿಡಿಸಿ ಹೇಳಿದರು. ನಮ್ಮವಳು ಸೋತಳು. ಆದರೂ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಸಮೀಕ್ಷೆಯ ಮಾತೇ. ಊಟವೂ ಚೆನ್ನಾಗಿತ್ತು. 10ಕ್ಕೆ 8.

ಎರಡನೆಯದು ಊರಾಚೆಯ ದೊಡ್ಡ ಕ್ಯಾಂಪಸ್ಸು. ನಮ್ಮಲ್ಲಿ ಕಡಲೆಕಾಯಿ ಪರಿಷೆ ನಡೆಯುವ ವಾರವೇ ಬಿತ್ತು. ಹಾಗಾಗಿ ನಾನು ಹೋಗಲಿಲ್ಲ, ಅವಳ ಬಾಯಿಂದ ಕೇಳಿದ್ದು. ಯಾವ ಕಾಲೇಜಿನವರು ಎಂದು ನ್ಯಾಯಾಧೀಶರಿಗೆ ತಿಳಿಯಬಾರದು ಎನ್ನುವುದು ಇಂಥ ಸ್ಪರ್ಧೆಗಳ ನಿಯಮ. ತಂಡಕ್ಕೊಂದು ಸಂಖ್ಯೆ ಮಾತ್ರ. ಕೋಟಿನ ಜೇಬಿನ ಮೇಲಿನ ಕಾಲೇಜಿನ ಲಾಂಛನಕ್ಕೆ ಕಪ್ಪು ಟೇಪು ಅಂಟಿಸಿಕೊಂಡು ಹೋಗಿದ್ದಳು. ಅಷ್ಟೆಲ್ಲ ಶಿಸ್ತು ಇದ್ದ ಕಡೆ, ಬೆಳಗ್ಗೆ 9 ಗಂಟೆಗೆಂದು ಹೇಳಿದ ಸುತ್ತು ಶುರುವಾದದ್ದು ಮಧ್ಯಾಹ್ನ 2ಕ್ಕೆ. ನ್ಯಾಯಾಧೀಶರಲ್ಲಿ ಒಬ್ಬರು ಫೋನು ನೋಡುತ್ತಿದ್ದರಂತೆ. ಅಂಕ ಎಷ್ಟು ಬಂತು, ಯಾಕೆ ಬಂತು ಎಂದು ಯಾರೂ ಹೇಳಲಿಲ್ಲ. ಅವರು ಕ್ವಾರ್ಟರ್ ಫೈನಲ್ ತಲುಪಿದರು, ಫಲಕವೂ ಬಂತು. ಫಲಕ ಟಿವಿ ಪಕ್ಕದಲ್ಲಿದೆ. ಆ ಸ್ಪರ್ಧೆಯ ಬಗ್ಗೆ ಅವಳು ಹೇಳಿದ್ದು ಎರಡೇ ವಾಕ್ಯ. 10ಕ್ಕೆ 4, ಅದರಲ್ಲಿ 2 ಆ ಟೇಪಿಗೆ.

ಇಂಥ ಸ್ಪರ್ಧೆಗಳಲ್ಲಿ ಜಗತ್ತಿಗೇ ದೊಡ್ಡದೆಂದರೆ ಜೆಸಪ್. ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಫಿಲಿಪ್ ಜೆಸಪ್ ಅವರ ಹೆಸರಿನದು, 1960ರಲ್ಲಿ ಶುರುವಾದದ್ದು. ಎರಡು ದೇಶಗಳ ನಡುವಿನ ಕಲ್ಪಿತ ವ್ಯಾಜ್ಯ ಅದರ ವಸ್ತು. 1999ರಲ್ಲಿ, ಮತ್ತೆ 2013ರಲ್ಲಿ ಅದನ್ನು ಗೆದ್ದು ಬಂದವರು ನಮ್ಮ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು. ವಿಶ್ವಕಪ್ ಗೆದ್ದವರಿಗೆ ಪಟಾಕಿ ಹೊಡೆದ ನಮ್ಮ ಬೀದಿಯಲ್ಲಿ ಆ ಎರಡು ದಿನವೂ ಒಂದು ಸುರುಸುರುಬತ್ತಿ ಸಹ ಹಚ್ಚಲಿಲ್ಲ.

ಈಗ ಮೂರನೆಯದು. ಶಿವರಾತ್ರಿಗೆ ಮುಂಚೆ, ಪೇಟೆಯ ಹತ್ತಿರದ ಒಂದು ಹಳೇ ಕಾಲೇಜಿನಲ್ಲಿ. ದೊಡ್ಡ ಹೆಸರಿನದಲ್ಲ, ಬಂದದ್ದು ಹನ್ನೆರಡು ತಂಡ. ಆದರೆ ಎರಡು ವಿಷಯ ಬೇರೆ. ಒಂದು, ಎಲ್ಲವೂ ಕನ್ನಡದಲ್ಲಿ. ಎರಡು, ಇದು ಮೇಲ್ಮನವಿ ಅಲ್ಲ, ವಿಚಾರಣೆ. ಮೊದಲ ಎರಡರಲ್ಲಿ ನಡೆದದ್ದೇನೆಂದು ಮೊದಲೇ ಬರೆದು ಕೊಟ್ಟಿರುತ್ತಾರೆ, ಕಾನೂನಿನ ಬಗ್ಗೆ ಮಾತ್ರ ವಾದ. ಇಲ್ಲಿ ಏನು ನಡೆಯಿತು ಎನ್ನುವುದೇ ಪ್ರಶ್ನೆ. ಆದ್ದರಿಂದ ಸಾಕ್ಷಿಗಳು ಬೇಕು, ಕಟಕಟೆ ಬೇಕು, ಪಾಟೀಸವಾಲು ಬೇಕು. ಕಥೆ ಇಷ್ಟು: ಜಾತ್ರೆಯಲ್ಲಿ ಸರ ಕಿತ್ತುಕೊಂಡು ಓಡಿದ ಹುಡುಗ ಇವನೇ ಎಂದು ಹೂ ಮಾರುವ ಮುದುಕಿ ಹೇಳುತ್ತಾಳೆ. ನಮ್ಮವಳು ಹುಡುಗನ ಪರ.

ಅಭ್ಯಾಸಕ್ಕೆ ಒಬ್ಬ ಮುದುಕಿ ಬೇಕಲ್ಲ? ಮನೆಯಲ್ಲೇ ಇದ್ದೆ.

ಊಟದ ಮೇಜಿನ ಕುರ್ಚಿಯೇ ಕಟಕಟೆ. ಚಿಕ್ಕವನು ಬೆಂಚ್ ಕ್ಲರ್ಕು, ನನ್ನ ಹೆಸರನ್ನು ಮೂರು ಸಲ ಬೀದಿಗೆ ಕೇಳುವಂತೆ ಕೂಗಿದ. ಸಮಯದ ಚೀಟಿಗಳೂ ಅವನ ಕೈಯಲ್ಲೇ: '5 ನಿಮಿಷ', '2 ನಿಮಿಷ', 'ಮುಗಿಯಿತು'. ನಮ್ಮವಳು ಕೋಟು ಸರಿಮಾಡಿಕೊಂಡು, "ತಾವು ಆರೋಪಿಯ ಗುರುತಿಸುವಿಕೆಯ ಸಂದರ್ಭದಲ್ಲಿ ದೃಶ್ಯಗೋಚರತೆಯ ಪ್ರಮಾಣ..." ಎಂದು ಶುರುಮಾಡಿದಳು. "ಏನಮ್ಮಾ ಅಂದಿ?" ಎಂದೆ. ನಿಜವಾಗಿಯೂ ಅರ್ಥವಾಗಿರಲಿಲ್ಲ. ಇಂಗ್ಲಿಷಿನಲ್ಲಿ ಸರಸರ ವಾದಿಸುವ ಹುಡುಗಿ ಮೂರು ದಿನ ಪರದಾಡಿದಳು. ನಾಲ್ಕನೇ ದಿನ ಪ್ರಶ್ನೆ ಹೀಗಾಗಿತ್ತು: "ನೀವು ನೋಡಿದ್ದು ಅವನ ಬೆನ್ನು, ಅಲ್ಲವೇ?" ಪಾಟೀಸವಾಲಿನಲ್ಲಿ ಹೀಗೆ ಉತ್ತರವನ್ನೂ ಸೇರಿಸಿಯೇ ಕೇಳಬಹುದಂತೆ. ತಾನೇ ಕರೆತಂದ ಸಾಕ್ಷಿಗೆ ಮಾತ್ರ ಹಾಗೆ ಕೇಳಲು ಕೋರ್ಟಿನ ಒಪ್ಪಿಗೆ ಬೇಕು. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇದ್ದ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಇದೆ.

"ಹೌದು, ಬೆನ್ನು" ಎಂದೆ.

"ಹಾಗಿದ್ದರೆ ಓಡಿದವನು ಇವನೇ ಎಂದು ಹೇಗೆ ಹೇಳುತ್ತೀರಿ?"

"ಅವನೇ ಇರಬೇಕು" ಎಂದು ನನ್ನ ಬಾಯಿಂದ ಬಂತು. ಅವರು ಬರೆದುಕೊಟ್ಟ ಹಾಳೆಯಲ್ಲಿ ಆ ಮಾತು ಇರಲಿಲ್ಲ.

"ಇರಬೇಕು ಅಂದರೆ? ನೋಡಿದ್ದೋ, ಊಹೆಯೋ?"

ನಾನು ಸುಮ್ಮನೆ ಕೂತೆ. ಚಿಕ್ಕವನು '2 ನಿಮಿಷ' ಚೀಟಿ ಹಿಡಿದ. "ಅಜ್ಜಿ, ಉತ್ತರ ಹೇಳು" ಎಂದಳು ಅವಳು. ನಾನು ಹೇಳಿದ್ದು ಬೇರೆಯೇ.

1975. ನನಗಾಗ ಇಪ್ಪತ್ತಮೂರು, ಶಾಲೆಗೆ ಸೇರಿ ಒಂದು ವರ್ಷವಾಗಿತ್ತು. ಹಿಂದಿನ ವರ್ಷ ಒಂದು ಸಂಜೆ ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ ಒಬ್ಬರ ಕೈಗಡಿಯಾರ ಕಿತ್ತುಕೊಂಡು ಒಬ್ಬ ಹುಡುಗ ನನ್ನ ಪಕ್ಕದಲ್ಲೇ ಓಡಿದ್ದ. ನೀಲಿ ಅಂಗಿ. ಮುಖ ನೋಡಿರಲಿಲ್ಲ. ಪೊಲೀಸರು ಹಿಡಿದು ತಂದವನೂ ನೀಲಿ ಅಂಗಿಯವನೇ. ಕೋರ್ಟಿನಲ್ಲಿ ನನ್ನನ್ನು ಕೇಳಿದಾಗ ನಾನು ಹೇಳಿದ್ದು "ಅವನೇ ಇರಬೇಕು" ಎಂದು. ಮೇಲೆ ಕೂತವರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪಿಸ್ಟಿಗೆ ಹೇಳಿದರು. 'ಇರಬೇಕು' ಹೋಗಿ 'ಅವನೇ' ಉಳಿಯಿತು. ನನಗೆ ಇಂಗ್ಲಿಷ್ ಬರುತ್ತಿತ್ತು. ಕೇಳಿಸಿತ್ತು ಕೂಡ. ಅಷ್ಟು ದೊಡ್ಡವರ ಎದುರು ತಪ್ಪು ಎನ್ನುವುದು ಹೇಗೆ ಎಂದು ತೋರಿಸಿದ ಕಡೆ ಸಹಿ ಹಾಕಿ ಬಂದೆ. ಹುಡುಗನ ಪರವಾಗಿ ಯಾರೂ ಎದ್ದು ನಿಂತು ಏನನ್ನೂ ಕೇಳಲಿಲ್ಲ. ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆನ್ನುವ ಕಾಯ್ದೆ ಆಗಿದ್ದು 1987ರಲ್ಲಿ, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಇವನ ಕಾಲಕ್ಕೆ ಅದಿರಲಿಲ್ಲ. ಅವನಿಗೆ ಶಿಕ್ಷೆ ಆಯಿತೇ, ಬಿಟ್ಟರೇ? ನಾನು ವಿಚಾರಿಸಲಿಲ್ಲ. ಮನೆ ಅಲ್ಲಿಂದ ಎರಡೇ ಬೀದಿ, ಸ್ಟೇಷನ್ನು ದಾರಿಯಲ್ಲೇ. ಆದರೂ ವಿಚಾರಿಸಲಿಲ್ಲ.

ಮಕ್ಕಳಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳು ಪುಸ್ತಕ ತೆಗೆದು ತೋರಿಸಿದಳು. ಸಾಕ್ಷಿ ಹೇಳಿದ್ದನ್ನು ಬರೆದುಕೊಂಡ ಮೇಲೆ ಓದಿ ಹೇಳಬೇಕು, ಬೇರೆ ಭಾಷೆಯಲ್ಲಿ ಬರೆದಿದ್ದು ಸಾಕ್ಷಿಗೆ ಆ ಭಾಷೆ ಬಾರದಿದ್ದರೆ ಬರುವ ಭಾಷೆಯಲ್ಲಿ ತಿಳಿಸಬೇಕು, ತಪ್ಪಾಗಿದೆ ಎಂದು ಸಾಕ್ಷಿ ಹೇಳಿದರೆ ಅದನ್ನು ತಿದ್ದಬಹುದು ಅಥವಾ ಆಕ್ಷೇಪವನ್ನಾದರೂ ಬರೆದಿಡಬೇಕು. ಈ ನಿಯಮ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತಂತೆ. ಅಂದರೆ ನಾನು ಕಟಕಟೆ ಹತ್ತಿದ ದಿನವೂ ಇತ್ತು.

ಸ್ಪರ್ಧೆಯ ದಿನ ಹೋದೆ. ಹಿಂದಿನ ಸಾಲು ಬಿಟ್ಟು ಮುಂದೆಯೇ ಕೂತೆ. ಮುದುಕಿಯ ಪಾತ್ರ ಮೊದಲ ವರ್ಷದ ಒಬ್ಬ ಹುಡುಗಿಯದು, ಸೆರಗು ತಲೆಗೆ ಎಳೆದುಕೊಂಡು ಚೆನ್ನಾಗಿಯೇ ಮಾಡಿದಳು. ನ್ಯಾಯಾಧೀಶರನ್ನು ಕೆಲವರು 'ಮಹಾಸ್ವಾಮಿ' ಎಂದರು, ಕೆಲವರು 'ಸರ್' ಎಂದರು. ಕೆಳ ಕೋರ್ಟುಗಳಲ್ಲಿ 'ಸರ್' ಅಥವಾ ಆಯಾ ಭಾಷೆಯ ಅಂಥದೇ ಮಾತು ಸಾಕು ಎಂದು ವಕೀಲರ ಪರಿಷತ್ತು 2006ರಲ್ಲೇ ಹೇಳಿದೆ. ನಮ್ಮವಳು 'ಸರ್' ಎಂದಳು. ಬೆನ್ನಿನ ಪ್ರಶ್ನೆ ಕೇಳಿದಳು, ಬೆಳಕಿನ ಪ್ರಶ್ನೆ ಕೇಳಿದಳು, ಅಂಗಿಯ ಬಣ್ಣ ಕೇಳಿದಳು. ಗಂಟೆ ಹೊಡೆಯಿತು. ಕೂರಬೇಕಿತ್ತು. ಕೂರಲಿಲ್ಲ. "ಸರ್, ಒಂದೇ ಪ್ರಶ್ನೆ" ಎಂದು ಸಾಕ್ಷಿಯ ಕಡೆ ತಿರುಗಿ, "ಪೊಲೀಸರು ಬರೆದುಕೊಂಡದ್ದನ್ನು ನಿಮಗೆ ಓದಿ ಹೇಳಿದರಾ ಅಮ್ಮಾ?" ಎಂದಳು.

ಆ ಹುಡುಗಿಯ ಹಾಳೆಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಎದುರು ತಂಡದ ಕಡೆ ನೋಡಿದಳು, ನ್ಯಾಯಾಧೀಶರ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ಇಲ್ಲ ಸ್ವಾಮಿ" ಎಂದಳು.

ಸಮಯ ಮೀರಿದ್ದಕ್ಕೆ ಅಂಕ ಕಳೆದರು. ಎರಡು ಅಂಕದಲ್ಲಿ ಸೆಮಿಫೈನಲ್ ಸೋತರು. ಸಂಜೆ ತಂಡದ ಇನ್ನಿಬ್ಬರು ಅವಳ ಮೇಲೆ ಸಿಟ್ಟಾಗಿದ್ದರು, ಅವರ ಸಿಟ್ಟು ನ್ಯಾಯವಾದದ್ದೇ. ನಾನು ಮೂವರಿಗೂ ಮಸಾಲೆ ದೋಸೆ ಕೊಡಿಸಿದೆ. ಒಬ್ಬಳು ಎರಡನೇ ದೋಸೆಗೆ ಸಮಾಧಾನವಾದಳು, ಇನ್ನೊಬ್ಬಳು ಕಾಫಿ ಬರುವ ತನಕ ಮುಖ ಎತ್ತಲಿಲ್ಲ.

ಆ ಸ್ಪರ್ಧೆಯಲ್ಲಿ ಫಲಕವಿಲ್ಲ, ಊಟ ಬರೀ ಚಿತ್ರಾನ್ನ ಮೊಸರನ್ನ, ಮೈಕು ಎರಡು ಸಲ ಕೆಟ್ಟಿತು. ನನ್ನ ಪಟ್ಟಿಯಲ್ಲಿ 10ಕ್ಕೆ 9. "ಸೋತಿದ್ದಕ್ಕೆ 9 ಹೇಗೆ ಕೊಡ್ತೀಯ?" ಎಂದು ಚಿಕ್ಕವನ ತಕರಾರು. ಅಂಕ ಕೊಡುವವಳು ನಾನು ಎಂದೆ.

ಮುಂದಿನ ಸುಗ್ಗಿಗೆ ಇನ್ನೂ ಆರು ತಿಂಗಳಿದೆ. ಸಮಯದ ಚೀಟಿಗಳನ್ನು ಹಿಂದಿರುಗಿಸು ಎಂದರೆ ಅವನು ಕೊಡುತ್ತಿಲ್ಲ. ನಿನ್ನೆ ನಾನು ಚಾಮರಾಜಪೇಟೆಯ ತಂಗಿಗೆ ಫೋನಿನಲ್ಲಿ ಈ ಕಥೆಯನ್ನೇ ಹೇಳುತ್ತಿದ್ದಾಗ ಎದುರಿಗೆ ಬಂದು ನಿಂತು '2 ನಿಮಿಷ' ತೋರಿಸಿದ.