ಅವ್ವನ ಹಾಡಿಗೆ ಬ್ಲೂಸ್ ಬೆರಸಿದ್ರ ತಪ್ಪೇನ್ರಿ?

ಹೋದ ವರ್ಷ ಶ್ರಾವಣದ ಮಳ್ಯಾಗ ನಮ್ಮವ್ವ ತೀರಿಕೊಂಡ್ಲು. ಎಂಬತ್ತಾರು ವರ್ಷದಾಕಿ. ಮಣ್ಣಿಗೆ ಒಯ್ಯೋ ಮೊದಲ ದೇವಾಲಯದಾಗ ಪ್ರಾರ್ಥನಿ ಇಟ್ಟಿದ್ವಿ. ಅಲ್ಲಿ ಮೂಲ್ಯಾಗ ಒಂದು ಹಳೇ ಪಿಯಾನೋ ಐತಿ, ಮಳಿಗಾಲ ಬಂತಂದ್ರ ಅದರ ಎರಡು ಮನಿ ಉಬ್ಬಿ, ಒತ್ತಿದ್ರ ಮ್ಯಾಲೆ ಏಳೂದೇ ಇಲ್ಲ. ನನ್ನ ಮಗಳು ಅದರ ಮುಂದ ಕುಂತು, ಅವ್ವ ದಿನಾ ರೊಟ್ಟಿ ಬಡಿಯೂ ಮುಂದ ಗುನುಗುತ್ತಿದ್ದ 'ವಾಟ್ ಎ ಫ್ರೆಂಡ್ ವಿ ಹ್ಯಾವ್ ಇನ್ ಜೀಸಸ್' ಹಾಡಿನ ರಾಗ ಬಾರಿಸಿದ್ಲು. ಮೊದಲನೇ ಚರಣ ಪುಸ್ತಕದಾಗ ಇದ್ದಂಗ ನೆಟ್ಟಗ ಬಾರಿಸಿದ್ಲು. ಎರಡನೇದಕ್ಕ ಲಯ ಸ್ವಲ್ಪ ತೊಟ್ಟಿಲ ತೂಗಿದಂಗಾತು. ಕರೀ ಮನಿಯಿಂದ ಬಿಳೀ ಮನಿಗೆ ಬೆರಳು ಜಾರಿ ಒಂದು ಅಳುವಿನಂಥ ಸ್ವರ ಬಂತು. ಅಲ್ಲೀತನಕ ಕಣ್ಣೀರು ಬರದೇ ಗಟ್ಟಿಯಾಗಿ ಕುಂತಿದ್ದ ನಾನು ಆವಾಗ ಅತ್ತೆ.

ಮಣ್ಣು ಮುಗಿಸಿ ಹೊರಗ ಬಂದ ಕೂಡಲೆ ಸಭೆಯ ಹಿರಿಯರೊಬ್ಬರು ನಾಲ್ಕು ಮಂದಿ ಮುಂದ ಅಂದ್ರು: "ಏನಮ್ಮಾ, ಸಾವಿನ ಪ್ರಾರ್ಥನಿಗೆ ಕ್ಲಬ್ಬಿನ ಸಂಗೀತ ಬಾರಿಸ್ತಾಳಲ್ಲ ನಿನ್ನ ಮಗಳು? ಮರ್ಯಾದಿ ಬ್ಯಾಡ?" ನಾನು ಆ ಹೊತ್ತಿನ್ಯಾಗ ತಲಿ ತಗ್ಗಿಸಿ ಸುಮ್ಮನಿದ್ದೆ. ಹುಡುಗಿ ಅವತ್ತಿನಿಂದ ಆ ಪಿಯಾನೋ ಮುಟ್ಟಿಲ್ಲ, ಹನ್ನೊಂದು ತಿಂಗಳಾತು. ಅವರ ಮಾತಿಗಿಂತ ನಾನು ಸುಮ್ಮನಿದ್ದದ್ದು ಅಕಿಗೆ ಹೆಚ್ಚು ಚುಚ್ಚೇತಿ ಅಂತ ನನಗ ತಡವಾಗಿ ತಿಳೀತು. ಅವತ್ತು ಆಡದ ಮಾತು ಇವತ್ತು ಇಲ್ಲಿ ಆಡ್ತೀನಿ.

ಕ್ಲಬ್ಬಿನ ಸಂಗೀತ ಅಂದ್ರಲ್ಲ, ಅಲ್ಲಿಂದನ ಶುರು ಮಾಡೋಣ. ಇದನ್ನ ಗಾಸ್ಪೆಲ್ ಅಂತಾರ, ಅಮೆರಿಕಾದ ಕರಿಯ ಜನರ ಚರ್ಚಿನಾಗ ಬೆಳೆದದ್ದು. ಇದಕ್ಕ ಅಪ್ಪ ಅನ್ನಿಸಿಕೊಂಡವ ಥಾಮಸ್ ಡಾರ್ಸಿ, ಜಾರ್ಜಿಯಾದವ, 1899ರಾಗ ಹುಟ್ಟಿದವ. ಅಪ್ಪ ಬೋಧಕ. ಮಗ ಮಾತ್ರ ಜಾರ್ಜಿಯಾ ಟಾಮ್ ಅನ್ನೋ ಹೆಸರಿನ್ಯಾಗ ಬ್ಲೂಸ್ ಪಿಯಾನೋ ಬಾರಿಸಿ ಹೊಟ್ಟಿ ಹೊರಕೊಂಡವ. ಮಾ ರೇನಿ ಅನ್ನೋ ದೊಡ್ಡ ಗಾಯಕಿಗೆ ಪಿಯಾನೋ ಸಾಥ್ ಕೊಟ್ಟವ. ಅಂವ ದೇವರ ಹಾಡು ಬರದು ಶಿಕಾಗೋದ ಚರ್ಚುಗಳಿಗೆ ಒಯ್ದಾಗ ಅಲ್ಲಿಯ ಹಿರಿಯರೂ ಬಾಗಿಲು ತೋರಿಸಿದ್ರು, ಥೇಟ್ ನಮ್ಮವರಂಗ.

1932ರ ಆಗಸ್ಟಿನ್ಯಾಗ ಅಂವ ಸೇಂಟ್ ಲೂಯಿಸ್‌ನ ಒಂದು ಕೂಟಕ್ಕ ಹಾಡಾಕ ಹೋಗಿದ್ದ. ಮನ್ಯಾಗ ಹೆಂಡತಿ ನೆಟ್ಟಿ ತುಂಬಿದ ಬಸುರಿ. ಅಲ್ಲಿದ್ದಾಗನ ತಾರು ಬಂತು, ಹೆರಿಗಿಯಾಗ ಹೆಂಡತಿ ಹೋದ್ಲು ಅಂತ. ಕೂಸೂ ಸ್ವಲ್ಪ ಹೊತ್ತಿನ್ಯಾಗ ಹೋತು. ಆ ದುಃಖದಾಗ ಪಿಯಾನೋ ಮುಂದ ಕುಂತು ಅಂವ ಕಟ್ಟಿದ ಹಾಡು 'ಟೇಕ್ ಮೈ ಹ್ಯಾಂಡ್, ಪ್ರೆಶಸ್ ಲಾರ್ಡ್'. ರಾಗ ಪೂರ್ತಿ ಹೊಸದಲ್ಲ. ಚರ್ಚಿನ ಹಳೇ ಪುಸ್ತಕದ ಒಂದು ರಾಗಾನ ತಗೊಂಡು ತನ್ನ ಬ್ಲೂಸಿನ ಕೈಯಿಂದ ಬಾಗಿಸಿದ್ದ. ಮುಂದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಅದು ಬಾಳ ಪ್ರೀತಿಯ ಹಾಡಾತು. 1968ರಾಗ ಅವರ ಮಣ್ಣಿನ ದಿನ ಮಹಾಲಿಯಾ ಜಾಕ್ಸನ್ ಅದನ್ನ ಹಾಡಿದ್ಲು. ಹೆಂಡತಿ ಸತ್ತಾಗ ಹುಟ್ಟಿದ, ಅಂಥಾ ಮಹಾನುಭಾವರ ಮಣ್ಣಿನ್ಯಾಗ ಹಾಡಿದ ಸಂಗೀತ ನಮ್ಮವ್ವನ ಸಾವಿಗೆ ಹೆಂಗ ಮರ್ಯಾದಿಗೇಡು ಆಗ್ತದ, ಯಾರರ ತಿಳಿಸಿ ಹೇಳ್ರಿ.

ಇನ್ನ 'ವಾಟ್ ಎ ಫ್ರೆಂಡ್' ಸಂಗತಿ. ಅದರ ಮಾತು ಬರದವ ಜೋಸೆಫ್ ಸ್ಕ್ರಿವೆನ್, ಐರ್ಲೆಂಡಿನವ, ಕೆನಡಾಕ್ಕ ಹೋಗಿ ನೆಲಸಿದ್ದ. ಊರಾಗ ಜಡ್ಡು ಬಿದ್ದ ತನ್ನ ತಾಯಿಗೆ ಸಮಾಧಾನ ಆಗ್ಲಿ ಅಂತ 1855ರಾಗ ಬರದದ್ದು. ರಾಗ ಹಾಕಿದವ ಚಾರ್ಲ್ಸ್ ಕಾನ್ವರ್ಸ್, ಅಮೆರಿಕಾದ ಒಬ್ಬ ವಕೀಲ, 1868ರಾಗ. ಅಂದ್ರ ನಾವು 'ನಮ್ಮ ಹಿರಿಯರ ರಾಗ' ಅಂತ ಎದಿಗೆ ಅವಚಿಕೊಂಡದ್ದು ಸಮುದ್ರ ದಾಟಿ ಬಂದ ಮಾಲ್. ಧಾರವಾಡಕ್ಕ ಬಾಸೆಲ್ ಮಿಶನ್ ಬಂದದ್ದು 1837ರಾಗ. ಅವರ ಸಂಗಡ ಅವರ ಜರ್ಮನ್ ರಾಗಗಳೂ ಬಂದ್ವು. ಆದ್ರ ಅದೇ ಮಿಶನ್ನಿನ ಕಿಟೆಲ್ ಸಾಹೇಬರು, ನಿಘಂಟು ಮಾಡಿದವರು, ಯೇಸುವಿನ ಕಥಿನ ನಮ್ಮ ಕನ್ನಡದ ಛಂದಸ್ಸಿನ್ಯಾಗ ಹಾಡೂ ಹಂಗ ಕಟ್ಟಿ 1862ರಾಗ 'ಕಥಾಮಾಲೆ' ತಂದ್ರು. ಪರದೇಶದವರಿಗೆ ಇದ್ದ ಧೈರ್ಯ ನಮ್ಮ ಹಿರಿಯರಿಗೆ ಇಲ್ಲ, ಏನ್ ಮಾಡೋದು.

ಅಳುವಿನಂಥ ಸ್ವರ ಅಂದೆನಲ್ಲ, ಅದನ್ನ ಮಗಳು ನನಗ ತೋರಿಸಿಕೊಟ್ಟಾಳ. ನಾನು ಓದಿದ್ದು ಪಿಯುಸಿ, ಸಂಗೀತ ಕಲಿತಾಕಿ ಅಲ್ಲ, ತಿಳದಷ್ಟು ಹೇಳ್ತೀನಿ. ಸಿ ಮನಿಯಿಂದ ಶುರು ಮಾಡಿದ್ರ ಮೂರನೇ ಬಿಳೀ ಮನಿ ಇ. ಅದರ ಎಡಗಡೆ ಒಂದು ಕರೀ ಮನಿ ಐತಿ. ಪುಸ್ತಕದಾಗ ಬರೇ ಇ ಇದ್ದಲ್ಲಿ, ಇಕಿ ಕರೀದನ್ನ ಸವರಿಕೊಂಡು ಬಿಳೀದಕ್ಕ ಇಳೀತಾಳ. ನಮ್ಮ ಭಾಷಾದಾಗ ಹೇಳೂದಾದ್ರ ಕೋಮಲ ಗಾಂಧಾರದಿಂದ ಶುದ್ಧ ಗಾಂಧಾರಕ್ಕ. ಧಾರವಾಡದ ಗಾಳಿ ಕುಡಿದವರಿಗೆ ಇದು ಹೊಸದೇನ್ರಿ? ಜೋಗ್ ರಾಗದಾಗ ಎರಡೂ ಗಾಂಧಾರ ಬರ್ತಾವ, ಕೇಳಿ ವಾಹ್ ಅಂತೀವಿ. ಗಾಯಕರು ಅದನ್ನ ಮೀಂಡ್‌ನ್ಯಾಗ ಎಳೀತಾರ, ಪಿಯಾನೋಕ್ಕ ಎಳಿಯಾಕ ಬರೂದಿಲ್ಲ, ಅದಕ ಎರಡೂ ಮನಿ ಒಂದರ ಬೆನ್ನಿಗೊಂದು ಒತ್ತೂದು. ಲಯಾನೂ ಹಂಗ. ಒಂದೊಂದು ಮಾತ್ರಿನ ಮೂರು ಪಾಲು ಮಾಡಿ ತೂಗ್ತಾರ. ಸಾಲು ಮುಗಿಯೂ ಮುಂದ ಎಫ್ ಕಾರ್ಡಿನಿಂದ ತಿರುಗಿ ಮನಿಗೆ, ಅಂದ್ರ ಸಿ ಕಾರ್ಡಿಗೆ, ಬರಬೇಕಾದಾಗ ಎಡಗೈ ನಡುವ ಒಂದು ಅರ್ಧ ಮೆಟ್ಟಿಲು ಹತ್ತಿ ಬರ್ತದ. ಹೊಸ್ತಿಲದಾಗ ನಿಂತು ಒಂದು ಉಸಿರು ತಗೊಂಡು ಒಳಗ ಬಂದಂಗ ಅನಸ್ತದ ನನಗ. ಇಷ್ಟರಾಗ ಕ್ಲಬ್ಬು ಎಲ್ಲಿ ಬಂತು?

ಹಿರಿಯರ ಮಾತಿನ್ಯಾಗ ಒಂದು ಕಾಳು ಸತ್ಯ ಐತಿ, ಅದನ್ನೂ ಒಪ್ಪತೀನಿ. ಕೆಲವು ಹುಡುಗರು ಮೊಬೈಲಿನ್ಯಾಗ ನೋಡಿ ನಾಲ್ಕು ಝರಕಿ ಕಲ್ತು, ಉಪ್ಪಿಟ್ಟಿಗೆ ಮುಷ್ಟಿಗಟ್ಟಲೆ ಸಾಸಿವಿ ಸುರಿದಂಗ ಎಲ್ಲಾ ಸಾಲಿಗೂ ಅದನ್ನ ಸುರೀತಾರ. ಮುದುಕೇರು ಯಾವ ಸಾಲಿನ್ಯಾಗ ಅದೀವಿ ಅಂತ ತಿಳೀದ ಪುಸ್ತಕ ಹಿಡಕೊಂಡು ಮಿಕಿ ಮಿಕಿ ನೋಡ್ತಾರ. ಅದು ನನಗೂ ಸೇರೂದಿಲ್ಲ. ಮಗಳಿಗೆ ನಾನೇ ಎಷ್ಟೋ ಸಲ ಬೈದೀನಿ: ಹಾಡಿನ ರಾಗ ಮ್ಯಾಲಿನ ಬೆರಳಿನ್ಯಾಗ ಸ್ಪಷ್ಟ ಕೇಳಬೇಕು, ಮಂದಿ ಉಸಿರು ತಗೊಳ್ಳೋ ಜಾಗಾದಾಗ ಬೇಕಾದ್ದು ಮಾಡು, ಅವರು ಹಾಡೂ ಮುಂದ ಅಡ್ಡ ಬರಬ್ಯಾಡ ಅಂತ. ಗಾಸ್ಪೆಲ್ ಬಾರಿಸೋ ದೊಡ್ಡವರೂ ಹಂಗ ಮಾಡ್ತಾರ. ಅರೀಥಾ ಫ್ರಾಂಕ್ಲಿನ್ 1972ರಾಗ ಲಾಸ್ ಏಂಜಲೀಸಿನ ಒಂದು ಚರ್ಚಿನ್ಯಾಗ ಹಾಡಿದ 'ಅಮೇಜಿಂಗ್ ಗ್ರೇಸ್' ಕೇಳ್ರಿ. ಹತ್ತು ನಿಮಿಷಕ್ಕೂ ಹೆಚ್ಚು ಐತಿ. ವಾದ್ಯ ಅಕಿ ದನಿಗೆ ಜಾಗಾ ಬಿಟ್ಟು, ಅಕಿ ನಿಂತಲ್ಲಿ ಮಾತ್ರ ಉತ್ತರ ಕೊಡ್ತದ. (ನಾನು ಕಸಾ ಹೊಡಿಯೂ ಮುಂದ ಹಚ್ಚಿಕೊಂಡು ಕೇಳಾಕ ಹೋಗಿ, ಕಸಬರಿಗಿ ಹಿಡಕೊಂಡ ಹಂಗ ನಿಂತುಬಿಟ್ಟಿದ್ದೆ.) ಆ ಹಾಡು ಬರದ ಜಾನ್ ನ್ಯೂಟನ್ ಗುಲಾಮರನ್ನ ಸಾಗಿಸೋ ಹಡಗಿನ ಕಪ್ತಾನ ಆಗಿದ್ದವ. ಅಂಥಾ ಹಡಗಿನ್ಯಾಗ ಸರಪಳಿ ಹಾಕಿಸಿಕೊಂಡು ಬಂದವರ ಮೊಮ್ಮಕ್ಕಳು ಅವನ ಹಾಡನ್ನ ತಮ್ಮ ಅಳುವಿನ ಸ್ವರದಾಗ ಹಾಡಿ ತಮ್ಮದು ಮಾಡಿಕೊಂಡ್ರು. ನೆಟ್ಟಗ ಪುಸ್ತಕದಾಗ ಇದ್ದಂಗ ಹಾಡ್ರಿ ಅಂತ ಅವರಿಗೆ ಹೇಳೂ ಹಕ್ಕು ಯಾರಿಗಿತ್ತು?

ಮತ್ತ ನಮ್ಮವ್ವ. ಎರಡು ಮಕ್ಕಳನ್ನ ಮಣ್ಣು ಮಾಡಿದಾಕಿ, ಕುಡುಕ ಗಂಡನ್ನ ಕಟ್ಟಿಕೊಂಡು ಬಾಳೇವು ಮಾಡಿದಾಕಿ. ಅಕಿ ಒಲಿ ಮುಂದ ಹಾಡಿದ್ದು ಯಾವತ್ತೂ ಪುಸ್ತಕದ ಹಾಂಗ ಇರಲಿಲ್ಲ. ರೊಟ್ಟಿ ತಟ್ಟೂ ತಾಳಕ್ಕ ತೂಗತಿತ್ತು, ಮೂರನೇ ಸ್ವರಕ್ಕ ಬಂದಾಗ ದನಿ ಸ್ವಲ್ಪ ಕೆಳಗಿಂದ ಎಳಕೊಂಡು ಮ್ಯಾಲೆ ಹತ್ತತಿತ್ತು. ಬ್ಲೂಸ್ ಅನ್ನೋ ಶಬ್ದಾನೇ ಅಕಿ ಕೇಳಿರಲಿಲ್ಲ. ಮೊಮ್ಮಗಳು ಪಿಯಾನೋದಾಗ ಬಾರಿಸಿದ್ದು ಅಕಿ ದನೀನ. ಆ ಹಿರಿಯರು ಅವ್ವನ ಹಾಡು ಒಮ್ಮಿಯೂ ಅಡಿಗಿಮನ್ಯಾಗ ಬಂದು ಕೇಳಿದವರಲ್ಲ, ಅವರಿಗೆ ಹೆಂಗ ಗೊತ್ತಾಗಬೇಕು.

ಮುಂದಿನ ತಿಂಗಳು ಅವ್ವನ ವರ್ಷದ ಪ್ರಾರ್ಥನಿ. ದೇವಾಲಯದ ಪಿಯಾನೋ ಕೇಳೀನಿ, ಇನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಕೊಡದಿದ್ರ ನಮ್ಮ ಪಡಸಾಲ್ಯಾಗ ಅರವತ್ತೊಂದು ಮನಿಯ ಕೀಬೋರ್ಡ್ ಐತಿ, ಅದರ ಮ್ಯಾಲೆ ಆಗ್ಲಿ. ಅದೇ ಹಾಡು, ಅದೇ ಹುಡುಗಿ, ಎರಡನೇ ಚರಣ ಹೋದ ವರ್ಷದ ಹಂಗ. ಆ ಹಿರಿಯರ ಮನಿಗೂ ಹೋಗಿ ನಾನೇ ಕರದು ಬಂದೀನಿ. ಈ ಸಲ ಏನರ ಅಂದ್ರ ನಾನು ತಲಿ ತಗ್ಗಸೂದಿಲ್ಲ ಅಂತ ಮಗಳಿಗೆ ಮಾತು ಕೊಟ್ಟೀನಿ. ನಿನ್ನೆ ರಾತ್ರಿ ಪಾತ್ರಿ ತೊಳಿಯೂ ಮುಂದ ಪಡಸಾಲಿಯಿಂದ ಆ ಕರೀ ಮನಿ, ಬಿಳೀ ಮನಿ ಸ್ವರ ಎರಡು ಸಲ ಕೇಳಿಸ್ತು.