ಕಿವಿ ಸಾಲದು, ಅಳತೆ ಬೇಕು

"ನಿನಗ್ಯಾಕೆ ದೊಡ್ಡಮ್ಮ ಗಂಡಸರ ಉಸಾಬರಿ?" ಎಂದ ತಂಗಿಯ ಮಗ. ರೇಸ್ ಟ್ರ್ಯಾಕಿಗೆಂದು ಟರ್ಬೊ ಕೂಡಿಸಿದ ಅವನ ಕಾರಿನ ಪಿಸ್ಟನ್ ಕರಗಿ ತೂತುಬಿದ್ದಿತ್ತು. ರಿಪೇರಿಗೆ ತಂಗಿ ಬಳೆ ಅಡವಿಟ್ಟಳು. ಬಳೆ ಹೋದ ಮೇಲೂ ನಾವು ಕೇಳಬಾರದೆ?

ನಾನು ಬಿ.ಎ., ಬಿ.ಎಡ್.; ಕಲಿಸುವುದು ಇತಿಹಾಸ. ಆದರೂ ಓದಿ ತಿಳಿದುಕೊಂಡೆ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸಾಧಾರಣ ಓಟಕ್ಕೆ ಅದೇ ಸರಿ. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಮಾತ್ರ ಪೆಟ್ರೋಲು ಹೆಚ್ಚಿಸಬೇಕು. ಸಾದಾ ಎಂಜಿನ್ನಿಗೆ ಈ ಅಂಕಿ 12.5ರಿಂದ 13ರ ಆಸುಪಾಸು, ಟರ್ಬೊ ಇದ್ದರೆ ಇನ್ನೂ ಕಡಿಮೆ. ಹೆಚ್ಚಿನ ಪೆಟ್ರೋಲು ಆವಿಯಾಗುತ್ತ ಒಳಗಿನ ಬಿಸಿಯನ್ನು ಹೀರುತ್ತದೆ. ಅದು ಸಾಲದಿದ್ದರೆ ಮಿಶ್ರಣ ತಾನೇತಾನಾಗಿ ಸಿಡಿದು ಪಿಸ್ಟನ್ನಿನ ಅಲ್ಯೂಮಿನಿಯಂ ಕರಗುತ್ತದೆ.

"ಅಳತೆ ಮಾಡಿದ್ದಿರಾ?" ಎಂದು ಮೆಕ್ಯಾನಿಕನನ್ನು ಕೇಳಿದೆ. "ಇಪ್ಪತ್ತು ವರ್ಷದ ಕಿವಿ ಟೀಚರೇ, ಸದ್ದಿನಲ್ಲೇ ಗೊತ್ತಾಗುತ್ತೆ" ಎಂದ. ರಿಪೇರಿಯಾದ ಮೇಲೆ, ಅವನ ಹೊಂದಾಣಿಕೆ ಮುಟ್ಟದೆ, ಬೇರೆ ಕಡೆ ಹೊಗೆಕೊಳವೆಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿಸಿದೆವು. ಪೂರ್ತಿ ತುಳಿಯುತ್ತಲೇ ಅಂಕಿ 14 ತೋರಿಸಿತು! ಕೂಡಲೇ ಕಾಲು ತೆಗೆಸಿದೆವು.

ಉತ್ತರಪತ್ರಿಕೆ ಓದದೆ, ಹುಡುಗನ ಮುಖ ನೋಡಿ ನಾನು ಅಂಕ ಹಾಕಿದ್ದರೆ ಊರು ಸುಮ್ಮನಿರುತ್ತಿತ್ತೆ? ಕಿವಿಗೆ ಕೊಡುವ ಗೌರವವನ್ನು ಅಳತೆಗೇಕೆ ಕೊಡುವುದಿಲ್ಲ?

ತಾಯಂದಿರೇ, ಹಣ ಎಣಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: "ಪೂರ್ತಿ ತುಳಿದಾಗ ಅಂಕಿ ಎಷ್ಟು?" ಉತ್ತರ ಬಾರದಿದ್ದರೆ ಬಳೆ ಕೈಯಲ್ಲೇ ಇರಲಿ.